ಸಿಹಿ ಪಾನೀಯಕ್ಕೆ ತೆರಿಗೆ ಹಾಕಿದರೆ ಬೊಜ್ಜು ಕರಗುತ್ತದೆಯೇ?

2025ರ ಸೆಪ್ಟೆಂಬರ್ 22ರಂದು ನಮ್ಮ ದೇಶದಲ್ಲಿ ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದವು. ಕೋಲಾ, ಸೋಡಾದಂಥ ಗುಳ್ಳೆ ಬರುವ ತಂಪು ಪಾನೀಯಗಳಿಗೆ ಶೇ. 40ರ ತೆರಿಗೆ ಎಂದು ಪತ್ರಿಕೆಗಳು ದೊಡ್ಡದಾಗಿ ಬರೆದವು. ಆದರೆ ಅಂಗಡಿಯಲ್ಲಿ ಕೋಲಾ ಬಾಟಲಿಯ ಬೆಲೆ ಆ ಕಾರಣಕ್ಕೆ ಏರಬೇಕಾದ್ದೇನೂ ಇರಲಿಲ್ಲ. ಯಾಕೆಂದರೆ 2017ರ ಜುಲೈಯಿಂದಲೂ ಅದರ ಮೇಲೆ ಶೇ. 28ರ ತೆರಿಗೆ ಮತ್ತು ಶೇ. 12ರ ಸೆಸ್ ಇತ್ತು. ಎರಡನ್ನೂ ಕೂಡಿಸಿದರೆ ಅದೇ 40. ಹೆಸರು ಬದಲಾಯಿತು, ಭಾರ ಬದಲಾಗಲಿಲ್ಲ.

ಅದೇ ದಿನ ಇನ್ನೊಂದು ಬದಲಾವಣೆ ಆಯಿತು, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಗುಳ್ಳೆ ಇಲ್ಲದ ಹಣ್ಣಿನ ರಸದ ಪಾನೀಯಗಳ ಮೇಲಿನ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ನಿಮ್ಮ ಓಣಿಯ ಅಂಗಡಿಯ ಫ್ರಿಜ್ ತೆಗೆದು ನೋಡಿ. ಕೋಲಾದ ಪಕ್ಕದಲ್ಲೇ ಮಾವಿನ ಪಾನೀಯದ ಬಾಟಲಿ ಇರುತ್ತದೆ. ಎರಡರ ಹಿಂದಿನ ಚೀಟಿಯನ್ನೂ ಓದಿ. ಹಲವು ಮಾವಿನ ಪಾನೀಯಗಳಲ್ಲಿ ಕೋಲಾದಷ್ಟೇ ಸಕ್ಕರೆ ಇರುತ್ತದೆ, ಕೆಲವದರಲ್ಲಿ ಇನ್ನೂ ಜಾಸ್ತಿ. ಒಂದಕ್ಕೆ ಶೇ. 40, ಇನ್ನೊಂದಕ್ಕೆ ಶೇ. 5. ಹಾಗಾದರೆ ಈ ತೆರಿಗೆ ಯಾತಕ್ಕೆ? ಸಕ್ಕರೆಗಾ, ಗುಳ್ಳೆಗಾ?

ಸಿಹಿ ಪಾನೀಯಕ್ಕೆ ತೆರಿಗೆ ಹಾಕಿದರೆ ಜನರ ಬೊಜ್ಜು ಕಡಿಮೆಯಾಗುತ್ತದೆಯೇ ಎಂದು ಚರ್ಚಾಸ್ಪರ್ಧೆಗಳಲ್ಲಿ ವಿದ್ಯಾರ್ಥಿಗಳಿಗೆ ವಿಷಯ ಕೊಡುತ್ತಾರೆ. ಒಬ್ಬರು ಹೌದು ಅಂತಾರೆ, ಒಬ್ಬರು ಇಲ್ಲ ಅಂತಾರೆ. ಇತಿಹಾಸ ನೋಡಿದರೆ ಉತ್ತರ ಅಷ್ಟು ಸಲೀಸಾಗಿಲ್ಲ. ಯಾವ ತೆರಿಗೆ, ಯಾವಾಗ ಹಾಕಿದ್ದು, ಯಾವುದನ್ನು ಅಳೆದು ಹಾಕಿದ್ದು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಸಕ್ಕರೆ ಮತ್ತು ಖಜಾನೆ

ಸಕ್ಕರೆಗೂ ತೆರಿಗೆಗೂ ಇರುವ ನಂಟು ಬಹಳ ಹಳೆಯದು. ಸಕ್ಕರೆ ಎಂಬ ಪದವೇ ದೊಡ್ಡ ಪ್ರಯಾಣಿಕ. ಸಂಸ್ಕೃತದ ‘ಶರ್ಕರಾ’ ಅಂದರೆ ಮರಳು, ಹರಳು. ಅದು ಪಾರಸಿಯಲ್ಲಿ ‘ಶಕರ್’ ಆಯಿತು, ಅರಬ್ಬಿಯಲ್ಲಿ ‘ಸುಕ್ಕರ್’ ಆಯಿತು, ಅಲ್ಲಿಂದ ಯುರೋಪಿನ ಭಾಷೆಗಳಿಗೆ ಹೋಗಿ ಇಂಗ್ಲಿಷಿನ ‘ಶುಗರ್’ ಆಯಿತು. ಕಬ್ಬಿನ ಬೆಳೆಯನ್ನು ಪರ್ಷಿಯಾದಿಂದ ಈಜಿಪ್ಟಿಗೆ, ಅಲ್ಲಿಂದ ಸ್ಪೇನಿನವರೆಗೆ ಹಬ್ಬಿಸಿದವರು ಅರಬರು. ನಾವು ಕುಡಿಯುವ ಶರಬತ್ತಿನ ಹೆಸರೂ ಅರಬ್ಬಿಯದೇ. ‘ಶರಿಬ’ ಅಂದರೆ ಕುಡಿದನು. ಅದೇ ಬೇರಿನಿಂದ ಇಂಗ್ಲಿಷಿನ ‘ಸಿರಪ್’ ಕೂಡ ಹುಟ್ಟಿದೆ. ಆ ಕಾಲದಲ್ಲಿ ಸಕ್ಕರೆ ಹಕೀಮರ ಪೆಟ್ಟಿಗೆಯಲ್ಲಿ, ಅರಮನೆಯ ತಟ್ಟೆಯಲ್ಲಿ ಸಿಗುವ ವಸ್ತು. ಬಡವನ ಮನೆಗೆ ಅದು ಬರುತ್ತಿರಲಿಲ್ಲ.

ಅದು ಬಡವನ ಮನೆಗೆ ಬಂದದ್ದು ಕೆರಿಬಿಯನ್ ದ್ವೀಪಗಳ ತೋಟಗಳಿಂದ. ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ದುಡಿಮೆಯಿಂದ ಸಕ್ಕರೆ ಅಗ್ಗವಾಗುತ್ತಾ ಹೋಯಿತು. ಅಗ್ಗವಾದಂತೆ ಸರ್ಕಾರಗಳ ಕಣ್ಣು ಅದರ ಮೇಲೆ ಬಿತ್ತು. ಬ್ರಿಟನ್ 1764ರಲ್ಲಿ ತನ್ನ ಅಮೆರಿಕನ್ ವಸಾಹತುಗಳಿಗಾಗಿ ಸಕ್ಕರೆ ಕಾಯಿದೆ ತಂದಿತು. ಅಲ್ಲಿನ ಜನ ಸಿಟ್ಟಾದರು. 1776ರಲ್ಲಿ ಆಡಂ ಸ್ಮಿತ್ ತನ್ನ ಪ್ರಸಿದ್ಧ ಅರ್ಥಶಾಸ್ತ್ರ ಗ್ರಂಥದಲ್ಲಿ ಸಕ್ಕರೆ, ರಮ್ ಮತ್ತು ತಂಬಾಕು ಎಲ್ಲಿಯೂ ಬದುಕಿಗೆ ಅತ್ಯಗತ್ಯವಲ್ಲ, ಆದರೂ ಎಲ್ಲರೂ ಬಳಸುತ್ತಾರೆ, ಹಾಗಾಗಿ ತೆರಿಗೆ ಹಾಕಲು ತಕ್ಕ ವಸ್ತುಗಳು ಎಂಬ ಅರ್ಥದಲ್ಲಿ ಬರೆದ. ಇವತ್ತು ಸಿಹಿ ಪಾನೀಯದ ತೆರಿಗೆಯನ್ನು ಬೆಂಬಲಿಸುವವರು ಈ ಮಾತನ್ನು ಮತ್ತೆ ಮತ್ತೆ ನೆನಪಿಸುತ್ತಾರೆ. ಆದರೆ ಸ್ಮಿತ್ ಯೋಚಿಸಿದ್ದು ಖಜಾನೆಯನ್ನು. ಜನರ ಸೊಂಟದ ಸುತ್ತಳತೆ ಅವನ ಲೆಕ್ಕದಲ್ಲಿ ಇರಲಿಲ್ಲ.

ಬ್ರಿಟನ್ 1874ರಲ್ಲಿ ಸಕ್ಕರೆಯ ಸುಂಕವನ್ನು ಪೂರ್ತಿ ತೆಗೆದುಹಾಕಿತು. ಚಹಾ, ಜಾಮು, ಬಿಸ್ಕತ್ತುಗಳ ಮೂಲಕ ಸಕ್ಕರೆ ಕಾರ್ಮಿಕರ ದಿನದ ಊಟದಲ್ಲಿ ದೊಡ್ಡ ಪಾಲು ಪಡೆಯಿತು. 1901ರಲ್ಲಿ ಬೋಯರ್ ಯುದ್ಧದ ಖರ್ಚಿಗೆ ಹಣ ಬೇಕಾದಾಗ ಸುಂಕ ಮತ್ತೆ ಬಂತು.

ನಮ್ಮ ಕಡೆಯೂ ಕಥೆ ಬೇರೆಯಲ್ಲ. 1932ರಲ್ಲಿ ವಸಾಹತು ಸರ್ಕಾರ ಸಕ್ಕರೆ ಉದ್ಯಮ ರಕ್ಷಣಾ ಕಾಯಿದೆ ತಂದು ಹೊರಗಿನ ಸಕ್ಕರೆಗೆ ದೊಡ್ಡ ಸುಂಕ ಹಾಕಿತು. ಅದರ ನೆರಳಿನಲ್ಲಿ ದೇಶದ ಕಾರ್ಖಾನೆಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ನೂರರ ಗಡಿ ದಾಟಿತು. ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದು 1933ರಲ್ಲಿ, ಇದೇ ಹೊತ್ತಿನಲ್ಲಿ. ಕಾರ್ಖಾನೆಗಳು ನಿಂತ ಕೂಡಲೇ, 1934ರಲ್ಲಿ, ಅವು ತಯಾರಿಸಿದ ಸಕ್ಕರೆಯ ಮೇಲೂ ಅಬಕಾರಿ ಸುಂಕ ಬಿತ್ತು. ಒಮ್ಮೆ ಉದ್ಯಮ ಬೆಳೆಸಲು ತೆರಿಗೆ, ಇನ್ನೊಮ್ಮೆ ಬೊಕ್ಕಸ ತುಂಬಲು ತೆರಿಗೆ. ಆರೋಗ್ಯದ ಮಾತು ಎಲ್ಲೂ ಇಲ್ಲ.

ಐದು ಸೆಂಟಿನಿಂದ ಐದು ರೂಪಾಯಿಗೆ

ಬೆಲೆ ಇಳಿದರೆ ಜನ ಹೆಚ್ಚು ಕುಡಿಯುತ್ತಾರೆ ಎಂಬುದನ್ನು ವೈದ್ಯರಿಗಿಂತ ಮೊದಲು ಅರಿತವರು ಪಾನೀಯದ ಕಂಪನಿಗಳು. ಕೋಕಾ-ಕೋಲಾ 1886ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಮಾರಾಟಕ್ಕೆ ಬಂದಾಗ ಒಂದು ಲೋಟಕ್ಕೆ 5 ಸೆಂಟ್. ಎರಡು ಮಹಾಯುದ್ಧ ಕಳೆದು, ಬೇರೆಲ್ಲದರ ಬೆಲೆ ಏರಿದರೂ, 1950ರ ದಶಕದವರೆಗೂ ಆ ಪುಟ್ಟ ಬಾಟಲಿ 5 ಸೆಂಟಿಗೇ ಸಿಗುತ್ತಿತ್ತು. ಯಾರ ಜೇಬಿನಲ್ಲೂ ಇರುವ ಒಂದು ನಾಣ್ಯಕ್ಕೆ ಸಿಗಬೇಕು ಎಂಬುದೇ ಅದರ ಗುಟ್ಟು.

ಭಾರತದಲ್ಲಿ ಈ ಕಥೆಗೆ ಕನ್ನಡ ನಾಡಿನ ನಂಟೂ ಇದೆ. 1977ರಲ್ಲಿ ಜನತಾ ಸರ್ಕಾರದ ಕಾಲದಲ್ಲಿ ಕೋಕಾ-ಕೋಲಾ ದೇಶ ಬಿಟ್ಟು ಹೋಯಿತು. ವಿದೇಶಿ ಕಂಪನಿಗಳು ಭಾರತೀಯ ಪಾಲುದಾರಿಕೆ ಒಪ್ಪಬೇಕೆಂಬ ನಿಯಮದ ವಿಷಯದಲ್ಲಿ ಹಠ ಹಿಡಿದ ಉದ್ಯಮ ಸಚಿವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಕೋಲಾದ ಜಾಗ ತುಂಬಲು ಸರ್ಕಾರವೇ ‘ಡಬಲ್ ಸೆವೆನ್’ ಎಂಬ ಪಾನೀಯ ತಂದಿತು. ಅದರ ಸೂತ್ರ ತಯಾರಾದದ್ದು ಮೈಸೂರಿನ ಸಿಎಫ್‌ಟಿಆರ್‌ಐ ಪ್ರಯೋಗಾಲಯದಲ್ಲಿ. ಆಗ ಯಾರಿಗೂ ಸಕ್ಕರೆಯ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಸ್ವದೇಶಿಯೋ ವಿದೇಶಿಯೋ ಎಂಬುದರದ್ದು.

1993ರಲ್ಲಿ ಕೋಕಾ-ಕೋಲಾ ಮರಳಿ ಬಂತು. 2003ರ ಸುಮಾರಿಗೆ 200 ಮಿಲಿಲೀಟರಿನ ಬಾಟಲಿಯನ್ನು 5 ರೂಪಾಯಿಗೆ ಇಳಿಸಿತು. ಆಮಿರ್ ಖಾನ್ ನಟಿಸಿದ ಆ ಜಾಹೀರಾತುಗಳು ಅನೇಕರಿಗೆ ನೆನಪಿರಬಹುದು. ಪೇಟೆಯವರ ಪಾನೀಯ ಹಳ್ಳಿಯ ಬಸ್ ಸ್ಟ್ಯಾಂಡಿಗೆ ಬಂದದ್ದು ಆ ಐದು ರೂಪಾಯಿಯ ಬಲದಿಂದ. ಇತ್ತೀಚೆಗೆ ಹಳೆಯ ಕ್ಯಾಂಪಾ ಕೋಲಾ ಮರುಹುಟ್ಟು ಪಡೆದಾಗಲೂ ಪೈಪೋಟಿ ನಡೆದದ್ದು 10 ರೂಪಾಯಿಯ ಬಾಟಲಿಯಲ್ಲೇ. ‘ತೆರಿಗೆಯಿಂದ ಬೆಲೆ ಏರಿದರೆ ಜನ ಕುಡಿಯುವುದನ್ನೇನೂ ಬಿಡುವುದಿಲ್ಲ’ ಎಂದು ವಾದಿಸುವವರು ಈ ಇತಿಹಾಸವನ್ನು ಒಮ್ಮೆ ನೋಡಬೇಕು. ಬೆಲೆಯಿಂದ ಏನೂ ಆಗುವುದಿಲ್ಲ ಅಂದರೆ ಅದನ್ನು ಇಳಿಸಲು ಕಂಪನಿಗಳು ಯಾಕೆ ಇಷ್ಟು ಒದ್ದಾಡುತ್ತವೆ?

ಆರೋಗ್ಯದ ಹೆಸರಲ್ಲಿ ತೆರಿಗೆ

ಕೆಟ್ಟ ಆಹಾರಕ್ಕೆ ತೆರಿಗೆ ಹಾಕಿ ಎಂದು 1994ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬರೆದವರು ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಕೆಲ್ಲಿ ಬ್ರೌನೆಲ್. ಆಗ ಜನ ನಕ್ಕರು, ಕೆಲವರು ಬೈದರು. ನಿಧಾನವಾಗಿ ಈ ಚರ್ಚೆ ಎಲ್ಲ ಆಹಾರವನ್ನೂ ಬಿಟ್ಟು ಸಿಹಿ ಪಾನೀಯದ ಮೇಲೆ ಬಂದು ನಿಂತಿತು.

ಪಾನೀಯವೇ ಯಾಕೆ, ಲಡ್ಡು ಯಾಕಲ್ಲ ಅಂತ ಕೇಳಬಹುದು. ಕಾರಣಗಳಿವೆ. 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 32 ಗ್ರಾಂ ಸಕ್ಕರೆ, ಅಂದರೆ ಎಂಟು ಟೀ ಚಮಚ. ಅಷ್ಟು ಸಕ್ಕರೆಯನ್ನು ಗಟ್ಟಿ ತಿಂಡಿಯಾಗಿ ತಿಂದರೆ ಹೊಟ್ಟೆಗೆ ಒಂದಿಷ್ಟು ಗೊತ್ತಾಗುತ್ತದೆ. ದ್ರವವಾಗಿ ಹೋದರೆ ಹೊಟ್ಟೆ ಅದನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೇಲೆ ಅದೇ ಊಟವನ್ನೂ ಮಾಡುತ್ತೇವೆ. ಲಡ್ಡುವಿನಲ್ಲಿ ಕಡಲೆಹಿಟ್ಟಾದರೂ ಇದೆ, ಕೋಲಾದಲ್ಲಿ ಸಕ್ಕರೆ ಬಿಟ್ಟರೆ ಪೋಷಣೆ ಎಂಬುದು ಏನೂ ಇಲ್ಲ. ಮತ್ತೆ, ಬಾಯಾರಿದವನಿಗೆ ಅದರ ಬದಲಿಗೆ ನೀರು ಇದ್ದೇ ಇದೆ. ದಿನದ ಶಕ್ತಿಯಲ್ಲಿ ಶೇ. 10ಕ್ಕಿಂತ ಕಡಿಮೆ ಮಾತ್ರ ಇಂಥ ಸಕ್ಕರೆಯಿಂದ ಬರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು, ಶೇ. 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಅಂದಿತು. ಸಾಮಾನ್ಯ ವಯಸ್ಕನಿಗೆ ಶೇ. 5 ಅಂದರೆ ಸುಮಾರು 25 ಗ್ರಾಂ. ಒಂದೇ ಬಾಟಲಿಯಲ್ಲಿ ಆ ಲೆಕ್ಕ ಮೀರಿಹೋಗುತ್ತದೆ.

ಆರಂಭದ ಪ್ರಯತ್ನಗಳು ಸೋತವು. ನ್ಯೂಯಾರ್ಕಿನ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ತೆರಿಗೆ ಸಾಧ್ಯವಾಗದಿದ್ದಾಗ ದೊಡ್ಡ ಲೋಟಗಳನ್ನೇ ನಿಷೇಧಿಸಲು ಹೊರಟರು. 2014ರಲ್ಲಿ ರಾಜ್ಯದ ಉಚ್ಚ ನ್ಯಾಯಪೀಠ ಅದನ್ನು ತಳ್ಳಿಹಾಕಿತು. ಡೆನ್ಮಾರ್ಕಿನಲ್ಲಿ ತಂಪು ಪಾನೀಯದ ಮೇಲೆ ದಶಕಗಳಿಂದ ತೆರಿಗೆ ಇತ್ತು. ಜನ ಗಡಿ ದಾಟಿ ಜರ್ಮನಿಗೆ ಹೋಗಿ ಕಾರು ತುಂಬಾ ಬಾಟಲಿ ತರುತ್ತಾರೆಂದು 2014ರಲ್ಲಿ ಅದನ್ನು ಕೈಬಿಟ್ಟರು. ಆದರೆ ಅದೇ 2014ರ ಜನವರಿ 1ರಂದು, ಜಗತ್ತಿನಲ್ಲೇ ಅತಿ ಹೆಚ್ಚು ಕೋಲಾ ಕುಡಿಯುವ ದೇಶವೊಂದು ತೆರಿಗೆ ಹಾಕಿತು. ಅದು ಮೆಕ್ಸಿಕೊ.

ಮೆಕ್ಸಿಕೊ ಕಲಿಸಿದ್ದು

ಮೆಕ್ಸಿಕೊದಲ್ಲಿ ಒಬ್ಬ ಮನುಷ್ಯ ವರ್ಷಕ್ಕೆ ಸರಾಸರಿ 163 ಲೀಟರ್ ತಂಪು ಪಾನೀಯ ಕುಡಿಯುತ್ತಾನೆ ಎಂಬ ಲೆಕ್ಕ ಆಗ ಎಲ್ಲರ ಬಾಯಲ್ಲಿತ್ತು. ಆ ಉದ್ಯಮದ ಬಲ ಎಷ್ಟಿತ್ತೆಂದರೆ, 2000ದಲ್ಲಿ ದೇಶದ ಅಧ್ಯಕ್ಷರಾದ ವಿಸೆಂಟೆ ಫಾಕ್ಸ್ ಹಿಂದೆ ಕೋಕಾ-ಕೋಲಾ ಮೆಕ್ಸಿಕೊದ ಮುಖ್ಯಸ್ಥರಾಗಿದ್ದವರು. ಬೆಟ್ಟದ ಊರುಗಳಲ್ಲಿ, ಬಡಾವಣೆಗಳಲ್ಲಿ ಶುದ್ಧ ನೀರಿಗಿಂತ ಕೋಲಾ ಸುಲಭವಾಗಿ ಸಿಗುತ್ತಿತ್ತು. ಸಕ್ಕರೆ ಕಾಯಿಲೆ ಮನೆಮನೆಯ ಮಾತಾಗಿತ್ತು. ಎಷ್ಟರ ಮಟ್ಟಿಗೆ ಎಂದರೆ 2016ರಲ್ಲಿ ಸರ್ಕಾರ ಅದನ್ನು ಆರೋಗ್ಯ ತುರ್ತುಸ್ಥಿತಿ ಎಂದೇ ಘೋಷಿಸಬೇಕಾಯಿತು.

ಗ್ರಾಹಕ ಸಂಘಟನೆಗಳು ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಸೇರಿ ಹೋರಾಟ ಕಟ್ಟಿದರು. ಒಂದು ಬಾಟಲಿಯಲ್ಲಿ ಹನ್ನೆರಡು ಚಮಚ ಸಕ್ಕರೆ ಎಂಬ ಚಿತ್ರಗಳು ರಾಜಧಾನಿಯ ಮೆಟ್ರೊ ನಿಲ್ದಾಣಗಳಲ್ಲಿ ಕಾಣಿಸಿಕೊಂಡವು. ಕೊನೆಗೆ ಲೀಟರಿಗೆ 1 ಪೆಸೊ ತೆರಿಗೆ ಬಂತು. ಬೆಲೆಯ ಸುಮಾರು ಹತ್ತನೇ ಒಂದು ಭಾಗ. ಶಾಲೆಗಳಿಗೆ ಕುಡಿಯುವ ನೀರು ಕೊಡಬೇಕೆಂಬ ಬೇಡಿಕೆಯೂ ಅದರ ಜೊತೆಗೇ ಇತ್ತು. ಈ ಹೋರಾಟಗಾರರು ಎಷ್ಟು ದೊಡ್ಡ ಶಕ್ತಿಯನ್ನು ಎದುರು ಹಾಕಿಕೊಂಡಿದ್ದರು ಎಂಬುದು ಆಮೇಲೆ ತಿಳಿಯಿತು. ತೆರಿಗೆ ಹೆಚ್ಚಿಸಲು ಪ್ರಚಾರ ಮಾಡುತ್ತಿದ್ದ ಕೆಲವರ ಮೊಬೈಲಿಗೆ ಸರ್ಕಾರಗಳಿಗೆ ಮಾತ್ರ ಮಾರುವ ಪೆಗಾಸಸ್ ಗೂಢಚಾರಿ ತಂತ್ರಾಂಶದ ಕೊಂಡಿಗಳು ಬಂದಿದ್ದವು ಎಂದು ಕೆನಡಾದ ಸಿಟಿಜನ್ ಲ್ಯಾಬ್ 2017ರಲ್ಲಿ ಬಯಲು ಮಾಡಿತು. ಮಕ್ಕಳು ಸಕ್ಕರೆ ನೀರು ಕಡಿಮೆ ಕುಡಿಯಲಿ ಅಂದವರ ಮೇಲೆ ಬೇಹುಗಾರಿಕೆ!

ಫಲ ಏನಾಯಿತು? ಮೊದಲ ವರ್ಷ ತೆರಿಗೆ ಬಿದ್ದ ಪಾನೀಯಗಳ ಖರೀದಿ ಸರಾಸರಿ ಶೇ. 6ರಷ್ಟು ಇಳಿಯಿತು, ವರ್ಷದ ಕೊನೆಯ ಹೊತ್ತಿಗೆ ಶೇ. 12. ಎಲ್ಲಕ್ಕಿಂತ ಹೆಚ್ಚು ಇಳಿದದ್ದು ಬಡವರ ಮನೆಗಳಲ್ಲಿ, ಡಿಸೆಂಬರ್ ಹೊತ್ತಿಗೆ ಶೇ. 17. ಎರಡನೇ ವರ್ಷವೂ ಇಳಿಕೆ ನಿಲ್ಲಲಿಲ್ಲ. ಬಾಟಲಿ ನೀರಿನ ಖರೀದಿ ಏರಿತು. ಅಂದರೆ ತೆರಿಗೆ ಹಾಕಿದರೆ ಜನ ಕಡಿಮೆ ಕುಡಿಯುತ್ತಾರಾ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು: ಹೌದು.

ಆದರೆ ಬೊಜ್ಜು? 2012ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮೆಕ್ಸಿಕೊದ ವಯಸ್ಕರಲ್ಲಿ ಶೇ. 32ರಷ್ಟು ಮಂದಿಗೆ ಬೊಜ್ಜು ಇತ್ತು. 2018ರ ಸಮೀಕ್ಷೆಯಲ್ಲಿ ಅದು ಶೇ. 36 ಆಯಿತು. ಇಳಿಯುವ ಬದಲು ಏರಿತು. ತೆರಿಗೆಯ ವಿರೋಧಿಗಳು ಈ ಅಂಕಿಯನ್ನು ಹಿಡಿದು, ‘ನೋಡಿದಿರಾ, ಏನೂ ಉಪಯೋಗವಾಗಲಿಲ್ಲ’ ಅಂದರು.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ವರ್ಷಕ್ಕೆ 163 ಲೀಟರ್ ಅಂದರೆ ದಿನಕ್ಕೆ ಸುಮಾರು 450 ಮಿಲಿಲೀಟರ್. ಅದರಲ್ಲಿ ಶೇ. 10 ಇಳಿದರೆ ದಿನಕ್ಕೆ 45 ಮಿಲಿಲೀಟರ್ ಕಡಿಮೆ. ಕೋಲಾದ ಲೆಕ್ಕದಲ್ಲಿ ಅದು 20 ಕ್ಯಾಲೊರಿ ಒಳಗೆ. ಒಂದು ಮಾರಿ ಬಿಸ್ಕತ್ತಿನಷ್ಟೂ ಆಗುವುದಿಲ್ಲ. ದಿನಕ್ಕೆ ಒಂದು ಬಿಸ್ಕತ್ತು ಬಿಟ್ಟ ಮಾತ್ರಕ್ಕೆ ಒಂದು ದೇಶದ ತೂಕ ಇಳಿಯುತ್ತದೆ ಎಂದು ಕಾಯುವುದು ಸರಿಯಲ್ಲ. ಉಳಿದ ಊಟ, ಕೂತು ಮಾಡುವ ಕೆಲಸ, ಊರಿನ ರಸ್ತೆ, ನಿದ್ದೆ ಎಲ್ಲವೂ ಇನ್ನೊಂದು ಕಡೆಗೆ ಎಳೆಯುತ್ತಿರುತ್ತವೆ. ತೆರಿಗೆ ಇಲ್ಲದಿದ್ದರೆ ಆ 36 ಇನ್ನೂ ಎಷ್ಟಾಗುತ್ತಿತ್ತೋ ಎಂಬುದನ್ನೂ ಯೋಚಿಸಬೇಕು. ನಗರಗಳ ನಡುವಿನ ಬೆಲೆ ವ್ಯತ್ಯಾಸವನ್ನು ಹೋಲಿಸಿದ 2022ರ ಅಧ್ಯಯನವೊಂದು, ಬೆಲೆ ಹೆಚ್ಚು ಏರಿದ ಕಡೆ ಹದಿಹರೆಯದ ಹುಡುಗಿಯರಲ್ಲಿ ಅಧಿಕ ತೂಕದ ಪ್ರಮಾಣ ಸ್ವಲ್ಪ ಇಳಿದದ್ದನ್ನು ಕಂಡಿತು. ದೊಡ್ಡವರಲ್ಲಿ ಕಾಣದ್ದು ಬೆಳೆಯುವ ಮಕ್ಕಳಲ್ಲಿ ಕಂಡಿತು. ಮೆಕ್ಸಿಕೊ ತೆರಿಗೆಯನ್ನು ಬಿಡಲಿಲ್ಲ. 2020ರಲ್ಲಿ ಪೊಟ್ಟಣಗಳ ಮೇಲೆ ಕಪ್ಪು ಎಚ್ಚರಿಕೆ ಗುರುತು ತಂದಿತು, 2026ಕ್ಕೆ ತೆರಿಗೆಯನ್ನು ಲೀಟರಿಗೆ 3 ಪೆಸೊ ದಾಟಿಸಿತು.

ಬ್ರಿಟನ್ ಸಕ್ಕರೆಯನ್ನೇ ಅಳೆಯಿತು

ಮೆಕ್ಸಿಕೊದ ತೆರಿಗೆ ಲೀಟರಿನ ಲೆಕ್ಕದ್ದು. ಪಾನೀಯದಲ್ಲಿ ಸಕ್ಕರೆ ಎಷ್ಟೇ ಇರಲಿ, ದರ ಒಂದೇ. ಬ್ರಿಟನ್ ಬೇರೆ ದಾರಿ ಹಿಡಿಯಿತು. 2016ರ ಬಜೆಟ್‌ನಲ್ಲಿ ಹಣಕಾಸು ಸಚಿವ ಜಾರ್ಜ್ ಆಸ್ಬಾರ್ನ್ ಘೋಷಿಸಿದ ತೆರಿಗೆ ಜಾರಿಯಾದದ್ದು 2018ರ ಏಪ್ರಿಲ್ 6ರಂದು. 100 ಮಿಲಿಲೀಟರಿಗೆ 5 ಗ್ರಾಂಗಿಂತ ಕಡಿಮೆ ಸಕ್ಕರೆ ಇದ್ದರೆ ತೆರಿಗೆಯೇ ಇಲ್ಲ. 5ರಿಂದ 8 ಗ್ರಾಂ ಇದ್ದರೆ ಆಗ ಲೀಟರಿಗೆ 18 ಪೆನ್ಸ್ ಇತ್ತು. 8 ಗ್ರಾಂ ಅಥವಾ ಅದಕ್ಕೂ ಹೆಚ್ಚಿದ್ದರೆ 24 ಪೆನ್ಸ್ ಇತ್ತು. ಘೋಷಣೆಗೂ ಜಾರಿಗೂ ನಡುವೆ ಎರಡು ವರ್ಷ ಬಿಟ್ಟದ್ದು ಬೇಕೆಂದೇ.

ಆ ಎರಡು ವರ್ಷದಲ್ಲಿ ಕಂಪನಿಗಳು ಕೂತು ಲೆಕ್ಕ ಹಾಕಿದವು. ತೆರಿಗೆ ಕಟ್ಟುವುದೋ, ಸಕ್ಕರೆ ಇಳಿಸುವುದೋ? ಅರ್ಧಕ್ಕಿಂತ ಹೆಚ್ಚು ತಯಾರಕರು ಸಕ್ಕರೆ ಇಳಿಸಿದರು. ಲುಕೋಜೇಡ್, ರೈಬೀನಾ ಬದಲಾದವು. ಸ್ಕಾಟ್ಲೆಂಡಿನವರ ಅಚ್ಚುಮೆಚ್ಚಿನ ಐರ್ನ್-ಬ್ರೂ ಬದಲಾಗುತ್ತದೆಂದು ತಿಳಿದಾಗ ಅಭಿಮಾನಿಗಳು ಹಳೆಯ ಬಾಟಲಿಗಳನ್ನು ಮನೆಯಲ್ಲಿ ಕೂಡಿಟ್ಟರು. ಕೋಕಾ-ಕೋಲಾ ಮಾತ್ರ ತನ್ನ ಮೂಲ ಪಾಕ ಬಿಡಲಿಲ್ಲ, ತೆರಿಗೆ ಕಟ್ಟಿತು. ಮೊದಲ ವರ್ಷ 52 ಕೋಟಿ ಪೌಂಡ್ ಬರಬಹುದು ಎಂದು ಅಂದಾಜು ಮಾಡಿದ್ದ ಸರ್ಕಾರ ಅದನ್ನು 24 ಕೋಟಿಗೆ ಇಳಿಸಬೇಕಾಯಿತು. ಬೇರೆ ತೆರಿಗೆಯಾದರೆ ಇದನ್ನು ಸೋಲು ಅನ್ನುತ್ತಿದ್ದೆವು. ಇಲ್ಲಿ ಅದೇ ಗೆಲುವು. ಹಣ ಕಡಿಮೆ ಬಂದಷ್ಟೂ ಮಕ್ಕಳ ಹೊಟ್ಟೆಗೆ ಸಕ್ಕರೆ ಕಡಿಮೆ ಹೋಗಿದೆ ಎಂದು ಅರ್ಥ. ಮಕ್ಕಳು ಕುಡಿಯುವುದನ್ನು ಬಿಡಬೇಕಾಗಲಿಲ್ಲ, ಬಾಟಲಿಯೇ ಬದಲಾಯಿತು.

2023ರಲ್ಲಿ ಕೇಂಬ್ರಿಜ್ ಸಂಶೋಧಕರು ಶಾಲಾ ಮಕ್ಕಳ ತೂಕದ ದಾಖಲೆ ನೋಡಿದರು. 10-11 ವಯಸ್ಸಿನ ಹುಡುಗಿಯರಲ್ಲಿ ಬೊಜ್ಜಿನ ಪ್ರಮಾಣ, ತೆರಿಗೆ ಇಲ್ಲದಿದ್ದರೆ ಇರಬಹುದಾಗಿದ್ದಕ್ಕಿಂತ ಶೇ. 8ರಷ್ಟು ಕಡಿಮೆ ಇತ್ತು. ಆ ಒಂದು ವಯಸ್ಸಿನ ಗುಂಪಿನಲ್ಲೇ ವರ್ಷಕ್ಕೆ 5,000ಕ್ಕೂ ಹೆಚ್ಚು ಹುಡುಗಿಯರು ಬೊಜ್ಜಿನಿಂದ ಪಾರಾದರು ಎಂಬ ಅಂದಾಜು. ಆದರೆ ಅದೇ ವಯಸ್ಸಿನ ಹುಡುಗರಲ್ಲಿ, ಒಂದನೇ ತರಗತಿಗೂ ಬರದ ಪುಟ್ಟ ಮಕ್ಕಳಲ್ಲಿ ಇಂಥ ಇಳಿಕೆ ಕಾಣಲಿಲ್ಲ. ಹಲ್ಲು ಹುಳುಕಾಗಿ ಕೀಳಿಸಲು ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ಮಾತ್ರ ಒಟ್ಟಾರೆ ಶೇ. 12ರಷ್ಟು ಇಳಿದಿತ್ತು. ತೂಕಕ್ಕಿಂತ ಮೊದಲು ಹಲ್ಲು ಸಾಕ್ಷಿ ಹೇಳಿತು.

ಬಡವರ ಮೇಲೆ ಭಾರವೇ?

ಈ ತೆರಿಗೆಯ ಮೇಲಿನ ದೊಡ್ಡ ಆಕ್ಷೇಪ ಇದು: ಶ್ರೀಮಂತನಿಗೆ ಹತ್ತು ರೂಪಾಯಿ ಲೆಕ್ಕಕ್ಕಿಲ್ಲ, ಕೂಲಿಯವನಿಗೆ ಅದು ದೊಡ್ಡದು. ಮಾತು ಸುಳ್ಳಲ್ಲ. ಆದರೆ ಸಕ್ಕರೆ ಕಾಯಿಲೆ ಬಂದ ಮೇಲೆ ಔಷಧಿ, ಕಣ್ಣು, ಕಾಲು, ಮೂತ್ರಪಿಂಡ ಎಂದು ಖರ್ಚು ಮಾಡಿ ಮನೆ ಮಾರುವವನೂ ಅದೇ ಕೂಲಿಯವನು. ಮೆಕ್ಸಿಕೊದಲ್ಲಿ ಕುಡಿಯುವುದನ್ನು ಹೆಚ್ಚು ಕಡಿಮೆ ಮಾಡಿದವರು ಬಡವರು, ಹಾಗಾಗಿ ಲಾಭದ ಪಾಲೂ ಅವರದೇ ಹೆಚ್ಚು. ಉಳಿಯುವ ಪ್ರಶ್ನೆ, ವಸೂಲಾದ ಹಣ ಎಲ್ಲಿಗೆ ಹೋಗುತ್ತದೆ ಎಂಬುದು.

ಅಮೆರಿಕದ ಫಿಲಡೆಲ್ಫಿಯಾ ನಗರ 2017ರಲ್ಲಿ ತೆರಿಗೆ ಹಾಕಿದಾಗ ಮೇಯರ್ ಜಿಮ್ ಕೆನ್ನಿ ಬೊಜ್ಜಿನ ಮಾತನ್ನು ಹೆಚ್ಚು ಆಡಲೇ ಇಲ್ಲ. ಈ ಹಣದಿಂದ ಬಡ ಮಕ್ಕಳಿಗೆ ಉಚಿತ ಶಿಶುವಿಹಾರ, ಬಡಾವಣೆಗಳಿಗೆ ಉದ್ಯಾನ, ಗ್ರಂಥಾಲಯ ಅಂದರು. ನಗರದೊಳಗೆ ಮಾರಾಟ ಶೇ. 51 ಕುಸಿಯಿತು. ಪಕ್ಕದ ಊರಿಗೆ ಹೋಗಿ ಕೊಂಡವರನ್ನು ಕಳೆದರೂ ಶೇ. 38ರಷ್ಟು ನಿಜವಾದ ಇಳಿಕೆ. ಆ ತೆರಿಗೆ ಉಳಿಯಿತು. ಅದೇ ವರ್ಷ ಷಿಕಾಗೋ ಇರುವ ಕುಕ್ ಕೌಂಟಿ ತನ್ನ ಬಜೆಟ್‌ನ ಗುಂಡಿ ಮುಚ್ಚಲು ಇಂಥದ್ದೇ ತೆರಿಗೆ ಹಾಕಿತು. ಜನ ಅದನ್ನು ಕಿಸೆಗೆ ಕೈ ಹಾಕಿದ ಹಾಗೆ ಎಂದೇ ನೋಡಿದರು. ನಾಲ್ಕೇ ತಿಂಗಳಲ್ಲಿ ಅದು ಎದ್ದುಹೋಯಿತು. ತೆರಿಗೆ ಒಂದೇ, ಕೊಟ್ಟ ಮಾತು ಬೇರೆ, ಗತಿಯೂ ಬೇರೆ.

ಕೊಲ್ಲಿಯಿಂದ ನಮ್ಮ ಓಣಿಗೆ

ಭಟ್ಕಳ, ಉಡುಪಿ, ಮಂಗಳೂರು ಕಡೆಯ ಅನೇಕ ಮನೆಗಳ ದುಡಿಮೆ ಇರುವ ಕೊಲ್ಲಿ ದೇಶಗಳೂ ಈ ದಾರಿಯಲ್ಲಿ ನಡೆದಿವೆ. ಸೌದಿ ಅರೇಬಿಯಾ 2017ರ ಜೂನ್‌ನಲ್ಲಿ ಗುಳ್ಳೆಯ ಪಾನೀಯಕ್ಕೆ ಶೇ. 50, ಎನರ್ಜಿ ಡ್ರಿಂಕ್‌ಗೆ ಶೇ. 100 ತೆರಿಗೆ ಹಾಕಿತು. ಯುಎಇ ಅದೇ ಅಕ್ಟೋಬರ್‌ನಲ್ಲಿ ಹಿಂಬಾಲಿಸಿತು. ಮೊದಲಿಗೆ ಅವರೂ ಗುಳ್ಳೆಯನ್ನೇ ಹಿಡಿದರು. ಗುಳ್ಳೆ ಇಲ್ಲದ ಸಿಹಿ ಪಾನೀಯ ತಪ್ಪಿಸಿಕೊಳ್ಳುತ್ತಿದೆ ಎಂದು ಗೊತ್ತಾಗಿ 2019ರ ಡಿಸೆಂಬರ್ ಹೊತ್ತಿಗೆ ಎಲ್ಲ ಸಿಹಿ ಪಾನೀಯಗಳಿಗೂ ವಿಸ್ತರಿಸಿದರು. ಈಗ 2026ರ ಜನವರಿಯಿಂದ ಯುಎಇ ಸಕ್ಕರೆಯ ಪ್ರಮಾಣ ನೋಡಿ ದರ ಹಾಕುವ ಪದ್ಧತಿಗೆ ಬಂದಿದೆ. ಎಂಟೂವರೆ ವರ್ಷದಲ್ಲಿ ಗುಳ್ಳೆಯಿಂದ ಸಕ್ಕರೆಗೆ ಬಂದು ಮುಟ್ಟಿದರು.

ನಾವಿನ್ನೂ ಗುಳ್ಳೆಯ ಹತ್ತಿರವೇ ನಿಂತಿದ್ದೇವೆ. ನಮ್ಮ ಶೇ. 40 ಜಗತ್ತಿನ ದೊಡ್ಡ ದರಗಳಲ್ಲಿ ಒಂದು. ಆದರೆ ಸಕ್ಕರೆ ತುಂಬಿದ ಕೋಲಾಕ್ಕೂ ಸಕ್ಕರೆ ಇಲ್ಲದ ಕೋಲಾಕ್ಕೂ ಅದೇ ದರ. ಸಕ್ಕರೆ ಇಳಿಸಿದ ಕಂಪನಿಗೆ ಒಂದು ಪೈಸೆಯೂ ಉಳಿಯುವುದಿಲ್ಲ, ಹಾಗಿದ್ದ ಮೇಲೆ ಯಾಕೆ ಇಳಿಸಬೇಕು? ಇನ್ನೊಂದು ಕಡೆ ಹಣ್ಣಿನ ಹೆಸರು ಹೊತ್ತ ಸಿಹಿ ನೀರಿಗೆ ಶೇ. 5. ಇದು ಐಷಾರಾಮದ ವಸ್ತುವಿಗೆ ಹಾಕುವ ತೆರಿಗೆ, ಆರೋಗ್ಯದ ತೆರಿಗೆಯಲ್ಲ. ಕೇರಳ 2016ರಲ್ಲಿ ಬ್ರಾಂಡೆಡ್ ಹೋಟೆಲುಗಳ ಬರ್ಗರ್, ಪಿಜ್ಜಾಗಳಿಗೆ ಶೇ. 14.5ರ ಕೊಬ್ಬಿನ ತೆರಿಗೆ ಹಾಕಿ ಸುದ್ದಿ ಮಾಡಿತ್ತು. ಮರು ವರ್ಷ ಜಿಎಸ್‌ಟಿ ಬಂದಾಗ ಅದೂ ಕರಗಿಹೋಯಿತು.

ನಮ್ಮ ಸ್ಥಿತಿ ಹಗುರವಾದದ್ದಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅಧಿಕ ತೂಕದ ಹೆಂಗಸರು 2015-16ರಲ್ಲಿ ಶೇ. 20.6 ಇದ್ದವರು 2019-21ರಲ್ಲಿ ಶೇ. 24 ಆಗಿದ್ದಾರೆ. ಗಂಡಸರು ಶೇ. 18.9ರಿಂದ ಶೇ. 22.9ಕ್ಕೆ ಏರಿದ್ದಾರೆ. ಹಾಗಂತ ಇದಕ್ಕೆಲ್ಲ ಕೋಲಾ ಒಂದೇ ಕಾರಣ ಅನ್ನುವಂತಿಲ್ಲ. ನಾವು ಮೆಕ್ಸಿಕೊದವರಷ್ಟು ಕುಡಿಯುವುದಿಲ್ಲ. ನಮ್ಮ ಸಕ್ಕರೆ ದಿನಕ್ಕೆ ನಾಲ್ಕು ಬಾರಿಯ ಚಹಾದಲ್ಲಿದೆ, ದಾವತ್ತಿನ ಮಿಠಾಯಿಯಲ್ಲಿದೆ, ಇಫ್ತಾರಿನ ಜಗ್ಗಿನ ಶರಬತ್ತಿನಲ್ಲಿದೆ. ಬಾಟಲಿಯ ತೆರಿಗೆ ಮನೆಯ ಡಬ್ಬಿಯನ್ನು ಮುಟ್ಟುವುದಿಲ್ಲ. ಆ ಚಮಚ ನಮ್ಮ ಕೈಯಲ್ಲೇ ಇದೆ.

ಆದರೆ ಇದೇ ಕಾರಣಕ್ಕೆ ನಮಗೆ ಒಂದು ಅವಕಾಶವೂ ಇದೆ. ಮೆಕ್ಸಿಕೊ 163 ಲೀಟರಿಗೆ ಮುಟ್ಟಿ, ಮೂರರಲ್ಲಿ ಒಬ್ಬರಿಗೆ ಬೊಜ್ಜು ಬಂದ ಮೇಲೆ ತೆರಿಗೆ ಹಾಕಿತು. ಆಗ ಅದರಿಂದ ತೂಕ ಇಳಿಸುವುದು ಕಷ್ಟ. ಬಂದ ಬೊಜ್ಜನ್ನು ತೆರಿಗೆ ಕರಗಿಸುವುದಿಲ್ಲ, ಬರುವ ಬೊಜ್ಜನ್ನು ಒಂದಿಷ್ಟು ತಡೆಯಬಲ್ಲದು. ಅದೂ ಇನ್ನೂ ರುಚಿ ಹತ್ತದ ಮಕ್ಕಳಲ್ಲಿ. ನಮ್ಮ ಮಕ್ಕಳು ಇನ್ನೂ ಆ ಇಳಿಜಾರಿನ ಮೇಲ್ತುದಿಯಲ್ಲೇ ಇದ್ದಾರೆ. ಬ್ರೇಕ್ ಹಾಕುವುದಾದರೆ ಈಗಲೇ. 2025ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ಸಕ್ಕರೆಯ ಪ್ರಮಾಣ ತೋರಿಸುವ ಫಲಕ ಹಾಕಲು ಹೇಳಿದ್ದು ಒಳ್ಳೆಯ ಆರಂಭ. ಫಲಕದ ಲೆಕ್ಕವೂ ತೆರಿಗೆಯ ಲೆಕ್ಕವೂ ಒಂದೇ ಆಗಬೇಕು: ಗ್ರಾಂ ನೋಡಿ ದರ, ಕೋಲಾಕ್ಕೂ ಮಾವಿನ ಪಾನೀಯಕ್ಕೂ ಒಂದೇ ನಿಯಮ, ಸಕ್ಕರೆ ಇಳಿಸಿದವರಿಗೆ ರಿಯಾಯಿತಿ.

ಕೊನೆಯದಾಗಿ ನೀರಿನ ಮಾತು. ಕೋಲಾ ಬೇಡ ಅನ್ನುವ ಮೊದಲು ಬಾಯಾರಿದವನಿಗೆ ನೀರು ಸಿಗಬೇಕಲ್ಲವೇ? ಮುಂಬೈಯ ಹಳೆಯ ರಸ್ತೆಗಳಲ್ಲಿ ದಾನಿಗಳು ಕಟ್ಟಿಸಿದ ಕಲ್ಲಿನ ಪ್ಯಾವುಗಳಿವೆ. ದಾರಿಹೋಕರಿಗೆ ಉಚಿತವಾಗಿ ನೀರು ಕೊಡಲು ಕಟ್ಟಿದವು ಅವು. ಹಲವು ಈಗ ಒಣಗಿ ನಿಂತಿವೆ. ಹೈದರಾಬಾದಿನಲ್ಲಿ, ಮುಂಬೈಯಲ್ಲಿ ಮೊಹರಂ ದಿನಗಳಲ್ಲಿ ಸಬೀಲ್ ಇಟ್ಟು ಜಾತಿ ಧರ್ಮ ಕೇಳದೆ ನೀರು ಕೊಡುವ ಪದ್ಧತಿ ಇಂದಿಗೂ ಇದೆ. ನೀರು ಕೊಡುವುದು ಪುಣ್ಯ ಎಂದು ತಿಳಿದ ಸಮಾಜದಲ್ಲಿ ಶಾಲೆಯ ನಲ್ಲಿ ಒಣಗಿ, ಗೇಟಿನ ಹೊರಗಿನ ಅಂಗಡಿಯಲ್ಲಿ 10 ರೂಪಾಯಿಗೆ ಸಕ್ಕರೆ ನೀರು ಸಿಗುವುದು ನಮಗೆ ಒಪ್ಪುವ ಸಂಗತಿಯಲ್ಲ. ಸಿಹಿ ಪಾನೀಯದಿಂದ ವಸೂಲಾಗುವ ಶೇ. 40ರಲ್ಲಿ ಒಂದು ಪಾಲು ಪ್ರತಿ ಶಾಲೆಯ ಕುಡಿಯುವ ನೀರಿಗೆ ಎಂದು ಬರೆದಿಡಿ ಅಂತ ಕೇಳುವ ಹಕ್ಕು ತೆರಿಗೆ ಕಟ್ಟುವ ನಮಗಿದೆ. ಮುಂದಿನ ಚರ್ಚಾಸ್ಪರ್ಧೆಯಲ್ಲಿ ಈ ವಿಷಯ ಬಂದರೆ ವಿದ್ಯಾರ್ಥಿಗಳು ಹೌದು-ಇಲ್ಲ ಅನ್ನುವುದಕ್ಕೆ ಮೊದಲು ಈ ಎರಡು ಪ್ರಶ್ನೆ ಎತ್ತಲಿ: ತೆರಿಗೆ ಹಾಕಿದ್ದು ಯಾವುದನ್ನು ಅಳೆದು? ಬಂದ ಹಣ ಹೋದದ್ದು ಎಲ್ಲಿಗೆ?